1986ರ ಬೋರ್ಡೋ ಬಾಟಲಿ ತೆರೆಯುವುದು ಹೇಗೆ?

ತುಂಗಾತೀರ, ಟುಲೂಸ್:
ನಮ್ಮ ಮನೆ ಓನರ್ ಅಜ್ಜಿ ನೆಲಮಾಳಿಗೆ ಖಾಲಿ ಮಾಡುವಾಗ ಒಂದು ಬಾಟಲಿ ತಂದು ಕೈಗಿಟ್ಟರು. 1986ರ ಸ್ಯಾಂ-ಜೂಲಿಯಾಂ, ಬೋರ್ಡೋ ಸೀಮೆಯ ಒಂದು ಊರಿನ ಕೆಂಪು ವೈನು. ನಾನು ಹುಟ್ಟಿದ ವರ್ಷದ್ದು ಅಂತ ಹುಡುಕಿ ತೆಗೆದಿದ್ದಂತೆ. ವೈನು ಕತ್ತಿನ ಬುಡದವರೆಗೆ ಇಳಿದಿದೆ, ಒಳಗೆ ಒಂದು ಬದಿಗೆ ಕಪ್ಪಗೆ ಏನೋ ಅಂಟಿದೆ. ಕೆಟ್ಟಿದೆಯಾ? ಶನಿವಾರ ಮೂವರು ಊಟಕ್ಕೆ ಬರುತ್ತಾರೆ. ಮಟನ್ ಸಾರು ಮಾಡುತ್ತೇನೆ.

ದರಗೆಲೆ, ಬೋರ್ಡೋ:
ಕತ್ತಿನ ಬುಡ ಅಂದರೆ ಆ ವಯಸ್ಸಿಗೆ ಚೆನ್ನಾಗಿಯೇ ಇದೆ. ಆ ಕಪ್ಪು ಕಾಫಿ ಚರಟ ಇದ್ದ ಹಾಗೆ. ವೈನಿನ ಬಣ್ಣವೂ ಒಗರೂ ವರ್ಷಗಟ್ಟಲೆ ಅಂಟಿಕೊಂಡು ಗಸಿಯಾಗಿ ಇಳಿದಿರುತ್ತದೆ. ಸ್ಯಾಂ-ಜೂಲಿಯಾಂ ಇರುವ ಮೆಡೊಕ್ ಸೀಮೆಯ 1986ರ ವೈನುಗಳು ಎಳೆಯದರಲ್ಲಿ ಬಲು ಒಗರು. ಅಂಥವೇ ಇಷ್ಟು ಬಾಳುವುದು.

ಮಲಗಿಸಿದ್ದರೆ ಇವತ್ತೇ ನಿಲ್ಲಿಸಿ, ಎರಡು ದಿನ ಮುಟ್ಟಬೇಡಿ. ಗಸಿ ತಳಕ್ಕೆ ಬರಲಿ. ಕಾರ್ಕ್ ರಸ್ಕಿನ ಹಾಗೆ ಪುಡಿಯಾಗುತ್ತದೆ, ಮಾಮೂಲಿ ಸ್ಕ್ರೂ ಬೇಡ. ಎರಡು ತೆಳು ಕಾಲಿನ ಓಪನರ್ ಸಿಗುತ್ತದೆ, ಇಲ್ಲಿ ಬಿಲಾಮ್ ಅನ್ನುತ್ತಾರೆ. ಕಾರ್ಕಿನ ಎರಡೂ ಬದಿಗೆ ಇಳಿಸಿ, ತಿರುಗಿಸುತ್ತಾ ಎಳೆಯಿರಿ.

ಆಮೇಲೆ ಫೋನ್ ಟಾರ್ಚನ್ನು ಕತ್ತಿನ ಕೆಳಗಿಟ್ಟು ಜಗ್ಗಿಗೆ ಒಂದೇ ಸಮ ಬಗ್ಗಿಸಿ. ನಡುವೆ ನಿಲ್ಲಿಸಿದರೆ ಕಲಕುತ್ತದೆ. ಬೆಳಕಿನಲ್ಲಿ ಹೊಗೆಯಂಥ ಎಳೆ ಕತ್ತಿನ ಕಡೆ ಬಂತು ಅಂದರೆ ಸಾಕು, ನಿಲ್ಲಿಸಿ. ಎರಡು ಬೆರಳಷ್ಟು ಉಳಿಯುತ್ತದೆ, ಜೀವ ಚುರ್ ಅನ್ನುತ್ತದೆ, ಬಿಡಿ.

ಜಗ್ಗಿಗೆ ಹಾಕಿ ಗಂಟೆಗಟ್ಟಲೆ ಇಡಬೇಡಿ. ನಾನು ಒಂದು 1985ನ್ನು ಎಳೆ ವೈನಿನ ಹಾಗೆ ಮೂರು ಗಂಟೆ ಮೊದಲೇ ಬಗ್ಗಿಸಿಟ್ಟೆ. ಬಗ್ಗಿಸುವಾಗ ಅಡುಗೆಮನೆಯೆಲ್ಲ ಘಮ್ ಅಂದಿತ್ತು. ಊಟಕ್ಕೆ ಕೂತಾಗ ಸಪ್ಪೆ ಹುಳಿನೀರು. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

16–17 ಡಿಗ್ರಿ ಇದ್ದರೆ ಸರಿ. ಮಟನ್ ಸಾರು ಮಾತ್ರ ಬೇಡ ಮಾರಾಯ್ರೆ! ಲವಂಗ, ಖಾರದ ಮುಂದೆ ಆ ಮುದುಕನ ದನಿ ಕೇಳುವುದಿಲ್ಲ. ಕುರಿಮರಿ ತೊಡೆಗೆ ಉಪ್ಪು, ಬೆಳ್ಳುಳ್ಳಿ ಹಾಕಿ ಸುಡಿ. ಸ್ಯಾಂ-ಜೂಲಿಯಾಂ ಪಕ್ಕದ ಊರು ಪೊಯಾಕ್‌ನವರು ಅದನ್ನೇ ತಿನ್ನುವುದು.

ಹುಳಿಮಾವು:
ಜಗ್ಗೇ ಬೇಡ ಅನ್ನುವವನು ನಾನು. ಮೆಲ್ಲಗೆ ಬಾಟಲಿಯಿಂದಲೇ ಲೋಟಗಳಿಗೆ ಬಗ್ಗಿಸಿ.

ದರಗೆಲೆ:
ನಾಲ್ಕು ಲೋಟಕ್ಕೆ ನಾಲ್ಕು ಸಲ ಬಾಟಲಿ ಎತ್ತಿ ಇಳಿಸಿದರೆ ಕೊನೆಯವರಿಗೆ ಚರಟವೇ ಗತಿ, ಅಲ್ವಾ?

ತುಂಗಾತೀರ:
ಆಯಿತು! ಕಾರ್ಕ್ ಅರ್ಧಕ್ಕೆ ಮುರಿಯಿತು, ಉಳಿದದ್ದು ಒಳಗೇ ಬಿತ್ತು, ಟೀ ಜಾಲರಿಯಲ್ಲಿ ಸೋಸಿದೆ. ಲೋಟದ ಅಂಚಿನಲ್ಲಿ ಮಂಗಳೂರು ಹೆಂಚಿನ ಬಣ್ಣ. ಮೊದಲು ಮುಗ್ಗಲು ವಾಸನೆ ಬಂದು ಹೆದರಿದೆ. ಹತ್ತು ನಿಮಿಷಕ್ಕೆ ಅದು ಹೋಗಿ, ಮಳೆ ನಿಂತ ಮೇಲಿನ ತೋಟದ ವಾಸನೆ, ಆಮೇಲೆ ಹೊಗೆಸೊಪ್ಪು. ಒಗರು ಇದೆಯೋ ಇಲ್ಲವೋ ಅನ್ನುವಷ್ಟು. ಮುಕ್ಕಾಲು ಗಂಟೆಯಲ್ಲಿ ಮುಗಿಸಿದೆವು.

ಅಜ್ಜಿಗೆ ಫೋನ್ ಮಾಡಿದೆ. ಹೇಗಿತ್ತು ಅಂತ ಕೇಳಲೇ ಇಲ್ಲ. "ಕಾರ್ಕ್ ಮುರಿಯಿತಾ?" ಅಂದರು.