ಕಿಡ್ನಿ ಕಸಿಯಾದವರ ರಕ್ತನಾಳ ಪೆಡಸಾಗಿದೆಯೇ? ರಕ್ತಪರೀಕ್ಷೆ ಹೇಳೀತೇ?

ಎರಡನೇ_ಇನಿಂಗ್ಸ್: ನನಗೆ ಕಸಿಯಾಗಿ ಒಂಬತ್ತು ವರ್ಷ. ಕಿಡ್ನಿಯ ಕೆಲಸ ತೋರಿಸುವ ರಕ್ತದ ಅಂಶ, ಕ್ರಿಯಾಟಿನಿನ್, 1.3ರಲ್ಲಿ ನಿಂತಿದೆ. ನಮ್ಮಂಥವರ ಸಾವಿಗೆ ಹೃದಯ, ರಕ್ತನಾಳಗಳ ಕಾಯಿಲೆಯೇ ದೊಡ್ಡ ಕಾರಣ ಎನ್ನುತ್ತಾರೆ. ತಪಾಸಣೆಗೆ ಹೋದರೆ ಆ ಮಾತನ್ನೇ ಯಾರೂ ಎತ್ತುವುದಿಲ್ಲ. ರಕ್ತದಲ್ಲಿ ಅಳೆಯಬಹುದಾದ ಆಸ್ಟಿಯೋಪ್ರೊಟೆಜೆರಿನ್ (ಮೂಳೆ ಸವೆತ ತಡೆಯುವ ಪ್ರೋಟೀನ್), ಎಫ್‌ಜಿಎಫ್-23 (ಫಾಸ್ಫೇಟ್ ಹತೋಟಿಯ ಹಾರ್ಮೋನು), ಹೋಮೋಸಿಸ್ಟೀನ್ (ಒಂದು ಅಮೈನೋ ಆಮ್ಲ) ಇವುಗಳಿಗೂ ನಾಳದ ಪೆಡಸುತನಕ್ಕೂ ನಂಟಿದೆ ಎನ್ನುವ ಪ್ರಬಂಧಗಳು ರಾಶಿ ಬಿದ್ದಿವೆ. ಹೇಗೂ ರಕ್ತ ಕೊಡುತ್ತೇವೆ, ಇನ್ನೊಂದು ಸೀಸೆ ತೆಗೆದರೆ ಯಾರ ಗಂಟು ಹೋಗುತ್ತದೆ?

ನೆಫ್ರಾನ್: ‘ನಂಟಿದೆ’ ಎಂದಿರಿ. ನಂಟೆಲ್ಲ ಕಾರಣವಲ್ಲ. 2011ರಲ್ಲಿ ಪ್ರಕಟವಾದ ಫೇವರಿಟ್ ಪ್ರಯೋಗ ನೋಡಿ: ಕಸಿಯಾದ 4,110 ಜನ. ಹೆಚ್ಚು ಪ್ರಮಾಣದ ಫೋಲಿಕ್ ಆಮ್ಲ, ಬಿ6, ಬಿ12 ಕೊಟ್ಟದ್ದರಿಂದ ಹೋಮೋಸಿಸ್ಟೀನ್ ಇಳಿಯಿತು. ಹೃದಯಾಘಾತ, ಪಾರ್ಶ್ವವಾಯು ಇಳಿಯಲಿಲ್ಲ. ಇನ್ನು ಆಸ್ಟಿಯೋಪ್ರೊಟೆಜೆರಿನ್, ಎಫ್‌ಜಿಎಫ್-23 ಎರಡೂ ಕಿಡ್ನಿಯ ಶಕ್ತಿ ಕುಂದಿದಂತೆ ಏರುತ್ತವೆ. ಕ್ರಿಯಾಟಿನಿನ್ ಹೇಳಿದ್ದನ್ನೇ ದುಬಾರಿ ದನಿಯಲ್ಲಿ ಕೇಳಬೇಕೇ?

ಲ್ಯಾಬ್‌ಕೋಟು: ಫೇವರಿಟ್ ಎಣಿಸಿದ್ದು ಹೃದಯಾಘಾತಗಳನ್ನು, ಪೆಡಸುತನವನ್ನಲ್ಲ. 2017ರ ಅಧ್ಯಯನವನ್ನು ಏಕೆ ಮುಚ್ಚಿಟ್ಟಿರಿ? ಕಸಿಯಾದ 60 ಜನರಿಗೆ ಎಂಟು ವಾರ ವಿಟಮಿನ್ ಕೆ2 ಕೊಟ್ಟಾಗ ನಾಡಿ ಅಲೆಯ ವೇಗ (ನಾಳ ಪೆಡಸಾದಷ್ಟೂ ಇದು ಹೆಚ್ಚು) ಶೇ. 14ರಷ್ಟು ಇಳಿಯಿತು.

ಪದಜಿಜ್ಞಾಸು: ಶೀರ್ಷಿಕೆಯಲ್ಲೇ ಎಡವಟ್ಟು. ‘ಪೆಡಸು’ ಎನ್ನುವುದು ಒಣಗಿದ ಚಕ್ಕಳಕ್ಕೆ. ‘ಅಪಧಮನಿ ಕಾಠಿಣ್ಯ’ ಎಂಬ ಒಳ್ಳೆಯ ಪದವಿರುವಾಗ ಇದೇಕೆ?

ನೆಫ್ರಾನ್: ಆ ‘ಒಳ್ಳೆಯ ಪದ’ವೇ ದಾರಿ ತಪ್ಪಿಸುವುದು. ಹಾಗೆ ಬರೆಯುವವರ ಮನಸ್ಸಿನಲ್ಲಿರುವುದು ಅಥೆರೋಸ್ಕ್ಲೆರೋಸಿಸ್: ನಾಳದ ಒಳಪದರದಲ್ಲಿ ಕೊಬ್ಬು ಕೂಡಿ ದಾರಿ ಕಿರಿದಾಗುವುದು. ಇಲ್ಲಿಯ ಮಾತು ಮಧ್ಯಪದರದ್ದು. ಹಿಗ್ಗುವ ಎಲಾಸ್ಟಿನ್ ಎಳೆಗಳು ಹರಿಯುತ್ತವೆ, ಬಿಗಿಯಾದ ಕೊಲಾಜನ್ ಹೆಚ್ಚುತ್ತದೆ, ಸುಣ್ಣ ಕೂರುತ್ತದೆ. ದಾರಿ ಅಗಲವಾಗಿಯೇ ಇರಬಹುದು, ಗೋಡೆ ಹಿಗ್ಗುವುದಿಲ್ಲ. ಒಣಗಿದ ಚಕ್ಕಳವೇ ಸರಿಯಾದ ಹೋಲಿಕೆ, ನೆನಪಿಸಿದ್ದಕ್ಕೆ ಕೃತಜ್ಞ.

ಪದಜಿಜ್ಞಾಸು: ‘ಸುಣ್ಣ’ವೇ? ಗೋಡೆಗೆ ಬಳಿಯುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ನಾಳದಲ್ಲಿ ಕೂರುವುದು ಕ್ಯಾಲ್ಸಿಯಂ ಫಾಸ್ಫೇಟ್, ಮೂಳೆಯ ಖನಿಜ. ಪದದ ಪಾಠ ಹೇಳಲು ಹೊರಟವರು ತಮ್ಮ ಪದ ನೋಡಿಕೊಳ್ಳಲಿ.

ನೆಫ್ರಾನ್: ರೋಗಿಗೆ ಹೈಡ್ರಾಕ್ಸಿಅಪಟೈಟ್ ಎಂದು ಹೇಳಿ ನೋಡಿ, ಎದ್ದು ಹೋಗುತ್ತಾರೆ.

ಎರಡನೇ_ಇನಿಂಗ್ಸ್: ರೋಗಿ ಇಲ್ಲೇ ಕುಳಿತಿದ್ದೇನೆ, ಎದ್ದು ಹೋಗಿಲ್ಲ. ಸೀಸೆಯ ವಿಷಯ ಏನಾಯಿತು?

ಪದಜಿಜ್ಞಾಸು: ನೋಡಿದಿರಾ? ರೋಗಿಗಳನ್ನು ದಡ್ಡರೆಂದುಕೊಳ್ಳುವವರಿಗೇ ಸುಣ್ಣ ಬೇಕಾಗುವುದು.

ಟೇಪಿನಕ್ಕ: ‘ಗೋಡೆ ಹಿಗ್ಗುವುದಿಲ್ಲ’ ಎಂಬುದನ್ನು ಅಳೆಯುವುದೇ ನನ್ನ ಉದ್ಯೋಗ. ರೋಗಿಯನ್ನು ಹತ್ತು ನಿಮಿಷ ಸುಮ್ಮನೆ ಮಲಗಿಸಿ, ಪೆನ್ಸಿಲ್ಲಿನಂಥ ಸಾಧನವನ್ನು ಮೊದಲು ಕತ್ತಿನ ನಾಡಿಯ ಮೇಲೆ, ಆಮೇಲೆ ತೊಡೆಸಂದಿಯ ನಾಡಿಯ ಮೇಲೆ ಹಿಡಿಯುತ್ತೇನೆ. ಕಸಿ ಕಿಡ್ನಿ ಇರುವ ಬದಿಯನ್ನು ಬಿಟ್ಟು ಇನ್ನೊಂದು ಬದಿಯಲ್ಲಿ. ಅಲೆಯ ವೇಗ ಸೆಕೆಂಡಿಗೆ 10 ಮೀಟರ್ ದಾಟಿದರೆ ಪೆಡಸು. ಆದರೆ ಎರಡು ನಾಡಿಗಳ ನಡುವಿನ ದೂರ ಅಳೆಯುವ ಟೇಪನ್ನು ಉಬ್ಬಿದ ಹೊಟ್ಟೆಯ ಮೇಲೆ ಎಳೆದರೆ ದೂರ ಸುಳ್ಳೇ ಹೆಚ್ಚುತ್ತದೆ, ವೇಗವೂ ಸುಳ್ಳೇ ಏರುತ್ತದೆ. ನಿಮ್ಮ ರಾಶಿ ಪ್ರಬಂಧಗಳ ‘ನಂಟು’ ನಿಂತಿರುವುದು ಇಂಥ ಅಳತೆಯ ಮೇಲೆ.

ಲ್ಯಾಬ್‌ಕೋಟು: ಟೇಪೇ ಸುಳ್ಳು ಹೇಳುತ್ತದೆ ಎಂದು ಅಳೆಯುವವರೇ ಒಪ್ಪಿದರು. ರಕ್ತವೇ ವಾಸಿ.

ಟೇಪಿನಕ್ಕ: ಒಪ್ಪಿದ್ದು ಎಲ್ಲಿ? ನೆಟ್ಟಗೆ ಎಳೆದರೆ ಟೇಪು ಸುಳ್ಳು ಹೇಳುವುದಿಲ್ಲ. ಅಳತೆಯನ್ನೇ ನಂಬದಿದ್ದರೆ ಕೆ2 ಇಳಿಸಿತೆಂದು ನೀವು ಕುಣಿದ ಆ ಶೇ. 14 ಯಾವುದರಿಂದ ಬಂತು?

ನೆಫ್ರಾನ್: ಅದೂ ಹೋಲಿಕೆಯ ಗುಂಪೇ ಇಲ್ಲದ ಅಧ್ಯಯನ! 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಸಿಯಾದ 90 ಜನರಿಗೆ, ಕೆಲವರಿಗೆ ವಿಟಮಿನ್ ಕೆ, ಉಳಿದವರಿಗೆ ಹುಸಿಮಾತ್ರೆ, ಒಂದು ವರ್ಷ ಕೊಟ್ಟರು. ಪೆಡಸುತನವೂ ತಗ್ಗಲಿಲ್ಲ, ಸುಣ್ಣವೂ ತಗ್ಗಲಿಲ್ಲ.

ಲ್ಯಾಬ್‌ಕೋಟು: ಅವರು ಕೊಟ್ಟದ್ದು ಮೆನಡಿಯಾಲ್, ವಿಟಮಿನ್ ಕೆಯ ಕೃತಕ ರೂಪ. ನಾನು ಹೇಳಿದ್ದು ಎಂಕೆ-7, ಕೆ2ರ ಒಂದು ಬಗೆ. ಹೆಸರು ಒಂದೇ ಎಂದ ಮಾತ್ರಕ್ಕೆ ಮದ್ದು ಒಂದೇ ಆಗುವುದೇ?

ಪದಜಿಜ್ಞಾಸು: ಮತ್ತೆ ಸುಣ್ಣ ಎಂದರು. ಉಳಿದವರು ಗಮನಿಸಬೇಕು.

ನೆಫ್ರಾನ್: ಸುಣ್ಣ, ಸುಣ್ಣ, ಸುಣ್ಣ. ಸಮಾಧಾನವಾಯಿತೇ ಸ್ವಾಮಿ?

ಎರಡನೇ_ಇನಿಂಗ್ಸ್: ರಕ್ತದೊತ್ತಡದ ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ. ಸೀಸೆ ಬೇಕೋ ಬೇಡವೋ, ಅಷ್ಟನ್ನು ಒಬ್ಬರಾದರೂ ಹೇಳಿ.

ನೆಫ್ರಾನ್: ಬೇಡ. ಫಲಿತಾಂಶ ಏನೇ ಬಂದರೂ ನಿಮ್ಮ ಮಾತ್ರೆ ಬದಲಾಗುವುದಿಲ್ಲ.

ಲ್ಯಾಬ್‌ಕೋಟು: ಬೇಕು. ಯಾರೂ ನೋಡದಿದ್ದರೆ ಯಾವತ್ತೂ ಬದಲಾಗುವುದಿಲ್ಲ.

ಪದಜಿಜ್ಞಾಸು: ರಕ್ತ ತೆಗೆಯುವುದು ಸೀಸೆಯಲ್ಲಲ್ಲ, ನಳಿಕೆಯಲ್ಲಿ.