ಸಹಾಯ ಬೇಕು: ಅಕಾಂಕಾಗುವಾಕ್ಕ ಡಬಲ್ ಬೂಟು, ವಿಮೆ

ಅಣ್ಣಾರ, ಅಕ್ಕಾರ, ನಮಸ್ಕಾರ್ರಿ. ಬೆಳಗಾವಿಯಿಂದ ನಮ್ಮ ತಂಡ ಜನವರಿಯಾಗ ಗೈಡ್ ಜೋಡಿ ಅರ್ಜೆಂಟೀನಾದ ಅಕಾಂಕಾಗುವಾ (6,961 ಮೀಟರ್) ಏರಾಕ ಹೊಂಟೈತಿ.

ಮುಖ್ಯ ಬೇಕಾಗಿದ್ದು ಬೂಟು. ಒಳಬೂಟು ಬ್ಯಾರೆ ತಗಿಯಾಕ ಬರೋ ಡಬಲ್ ಬೂಟು, 8 ಮತ್ತ 10 ಸೈಜ್. ಬೆಳಗಾವಿ, ಹುಬ್ಬಳ್ಳಿ, ಪುಣೆ ಕಡೆ ಯಾರಾದ್ರೂ ಬಾಡಿಗೆಗೆ ಕೊಡ್ತಾರೇನ್ರಿ? ಸಾದಾ ಟ್ರೆಕಿಂಗ್ ಬೂಟು ನಡಿಯಂಗಿಲ್ಲ. ಒಳಗ ಉಳಿದ ಬೆವರು ರಾತ್ರಿ ಹೆಪ್ಪುಗಟ್ಟತೈತಿ, ಮುಂಜಾನೆ ಅದನ್ನ ಹಾಕ್ಕೊಂಡು ಹೊಂಟ್ರ ಬೆರಳಿಗೆ ಹಿಮಕಡಿತ ಆಗತೈತಿ. ಡಬಲ್ ಇದ್ರ ಒಳಬೂಟು ಸ್ಲೀಪಿಂಗ್ ಬ್ಯಾಗಿನ್ಯಾಗ ಇಟ್ಕೊಂಡು ಒಣಗಿಸಬಹುದು. ದಪ್ಪ ಕಾಲಚೀಲ ಹಾಕಿದ ಮ್ಯಾಲೂ ಬೆರಳು ಆಡಬೇಕು. ಬಿಗಿ ಇದ್ರ ರಕ್ತ ಸರಿ ಹರಿಯಂಗಿಲ್ಲ. ಕ್ರಾಂಪಾನ್ (ಹಿಮದಾಗ ಜಾರದಂಗ ಬೂಟಿನ ಕೆಳಗ ಕಟ್ಟೋ ಮುಳ್ಳಿನ ಚೌಕಟ್ಟು) ಕೂಡೋ ಹಿಮ್ಮಡಿ ಅಂಚು ಸವೆದಿರಬಾರದು, ಫೋಟೋ ಕಳಿಸೋರು ಆ ಕಡೆಯಿಂದ ತಗದು ಕಳಿಸ್ರಿ.

ವಿಮೆ: ಭಾಳಷ್ಟು ಪ್ರವಾಸ ವಿಮೆಗೆ ಎತ್ತರದ ಮಿತಿ ಇರ್ತೈತಿ. 7,000 ಮೀಟರ್ ತನಕ, ಹೆಲಿಕಾಪ್ಟರ್ ರಕ್ಷಣಾ ಸಹಿತ ಪಾಲಿಸಿ ಮಾಡಿಸಿದವರು ಹೇಳ್ರಿ.

ಇನ್ನೊಂದು, ಈ ಶಿಖರ ಏರಿದವರಿಗೆ. ಗೈಡ್ ಕಂಪನಿಯವರ ವೇಳಾಪಟ್ಟಿಯಾಗ ಬೇಸ್ ಕ್ಯಾಂಪ್ ಪ್ಲಾಜಾ ದೆ ಮುಲಾಸ್ (ಸುಮಾರು 4,300 ಮೀಟರ್) ಬಿಟ್ಟ ಮ್ಯಾಲೆ ಸೀದಾ ನಿದೊ ದೆ ಕೊಂದೊರೆಸ್ (ಸುಮಾರು 5,500) ಕ್ಯಾಂಪಿನ್ಯಾಗ ಮಲಗೋದೈತಿ. 3,000 ಮೀಟರ್ ದಾಟಿದ ಮ್ಯಾಲೆ ಮಲಗೋ ಎತ್ತರ ದಿನಕ್ಕ 500 ಮೀಟರಿಗಿಂತ ಹೆಚ್ಚಿಸಬಾರದು ಅನ್ನೋದು ನಿಯಮ, ಹಂಗಾಗಿ ಈ ವೇಳಾಪಟ್ಟಿ ಅವಸರದ್ದೇ. ಇಲ್ಲೆ ಬೆಳಗಾವಿ ಹತ್ರದ ರಾಜಹಂಸಗಡ ಕೋಟೆಗೆ 15 ಕಿಲೋ ಹೊತ್ತು ಏರಿದ್ರ ಕಾಲು ಗಟ್ಟಿ ಆಗತಾವ, ತೆಳು ಗಾಳಿ ರೂಢಿ ಆಗಂಗಿಲ್ಲ. ನಡುವ ಪ್ಲಾಜಾ ಕೆನಡಾ ಕ್ಯಾಂಪಿನ್ಯಾಗ ಒಂದು ರಾತ್ರಿ ಸೇರಿಸಿ, ಗಾಳಿ ಜೋರಾದ್ರ ಕಾಯಾಕ ಎಷ್ಟು ದಿನ ಇಟ್ಕೊಂಡಿದ್ರಿ? ದಯವಿಟ್ಟು ತಿಳಿಸ್ರಿ.