ಸೈಬರ್ ಸ್ಕೋರ್ ಸರಿ ಇಲ್ಲ ಅಂತ ಗೊತ್ತು, ಅದರ ಮೇಲೆ ನನ್ನ ಹತ್ರ ಸೈನ್ ಕೇಳ್ತಿದಾರೆ, ಏನ್ ಮಾಡ್ಲಿ?

ಅಲೆಮಾರಿ_22:
ನಮಸ್ಕಾರ. ಅಮೆರಿಕಾದಲ್ಲಿ ಫೆಡರಲ್ ಕಾಂಟ್ರ್ಯಾಕ್ಟ್ ಕೆಲಸ ಮಾಡೋರು ಇಲ್ಲಿ ಸುಮಾರು ಜನ ಇದೀರಾ, ಅದಕ್ಕೇ ಇಲ್ಲಿ ಕೇಳ್ತಿದೀನಿ. ವರ್ಜಿನಿಯಾದಲ್ಲಿ ನಮ್ದು ಸಣ್ಣ ಕಂಪನಿ, 14 ಜನ, ಡಿಫೆನ್ಸ್ ಡಿಪಾರ್ಟ್‌ಮೆಂಟ್‌ಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತೀವಿ, ನೇರವಾಗಲ್ಲ, ಒಂದು ದೊಡ್ಡ ಪ್ರೈಮ್ (ಸರ್ಕಾರದಿಂದ ನೇರ ಕಾಂಟ್ರ್ಯಾಕ್ಟ್ ತಗೊಂಡಿರೋ ಕಂಪನಿ) ಕೆಳಗೆ ಸಬ್‌ ಆಗಿ. ನಮ್ಮ ಹತ್ರ ಸಿಯುಐ, ಅಂದ್ರೆ ರಹಸ್ಯ ಅಲ್ಲದಿದ್ರೂ ಕಾಪಾಡಲೇಬೇಕಾದ ಸರ್ಕಾರಿ ಮಾಹಿತಿ ಇರೋ ಡಾಕ್ಯುಮೆಂಟ್ಸ್ ಬರತ್ತೆ. 2023ರಲ್ಲಿ ಆಗ ಇದ್ದ ಐಟಿ ಮ್ಯಾನೇಜರ್ ಎಸ್‌ಪಿಆರ್‌ಎಸ್‌ನಲ್ಲಿ (ಸೈಬರ್ ಭದ್ರತೆ ಸ್ಕೋರ್ ದಾಖಲಿಸೋ ಡಿಫೆನ್ಸ್ ಪೋರ್ಟಲ್) 110ಕ್ಕೆ 98 ಅಂತ ಸ್ಕೋರ್ ಹಾಕಿ ಹೋಗಿದಾರೆ, ಅವರು ಕೆಲಸ ಬಿಟ್ಟು ವರ್ಷದ ಮೇಲಾಯ್ತು. ಈಗ ಆ ಸ್ಕೋರ್‌ನ 3 ವರ್ಷದ ಅವಧಿ ಮುಗೀತಾ ಬಂತು, ಪ್ರೈಮ್ ಕಡೆಯಿಂದ ಪತ್ರ ಬಂದಿದೆ, ಮುಂದಿನ ಆಪ್ಷನ್ ಇಯರ್‌ಗೆ (ಕಾಂಟ್ರ್ಯಾಕ್ಟ್ ಮುಂದುವರಿಸೋ ವರ್ಷ) ಸಿಎಂಎಂಸಿ (ಡಿಫೆನ್ಸ್ ಕಾಂಟ್ರ್ಯಾಕ್ಟರ್‌ಗಳ ಸೈಬರ್ ಭದ್ರತೆ ಪ್ರಮಾಣೀಕರಣ) ಲೆವೆಲ್ 2 ಸ್ಟೇಟಸ್ ತೋರಿಸಿ ಅಂತ.

ನಾನು ಕೂತು ಒಂದೊಂದೇ ಚೆಕ್ ಮಾಡಿದೆ ನೋಡಿ, ಎದೆ ಧಸಕ್ ಅಂತು. ಎಂಎಫ್‌ಎ (ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಇನ್ನೊಂದು ಗುರುತು ಕೇಳೋದು) ವಿಪಿಎನ್‌ಗೆ ಬಿಟ್ರೆ ಎಲ್ಲೂ ಇಲ್ಲ, ಲಾಗ್ಸ್ ಸೇವ್ ಆಗತ್ತೆ ಆದ್ರೆ ಯಾರೂ ನೋಡಿಲ್ಲ, ಇನ್ಸಿಡೆಂಟ್ ಪ್ಲಾನ್ ಅಂತ ಇರೋದು ಎಲ್ಲಿಂದಲೋ ಇಳಿಸ್ಕೊಂಡ ಟೆಂಪ್ಲೇಟ್, ಕಂಪನಿ ಹೆಸರಿನ ಜಾಗ ಕೂಡ ಖಾಲಿ ಇದೆ. ಓನರ್‌ಗೆ ಹೇಳಿದ್ರೆ, ಎಫ್‌ಎಆರ್ (ಫೆಡರಲ್ ಖರೀದಿ ನಿಯಮಗಳು) ಪೂರ್ತಿ ಕಟ್ ಮಾಡ್ತಿದಾರಲ್ಲ, ಇದೂ ಹೋಗತ್ತೆ, ಸದ್ಯಕ್ಕೆ ಹಳೇ ನಂಬರ್ ರಿನ್ಯೂ ಮಾಡಿ ಎಲ್ಲ ಸರಿ ಇದೆ ಅಂತ ಸೈನ್ ಹಾಕಿ ನೀನೇ ಅಫರ್ಮ್ ಮಾಡ್ಬಿಡು ಅಂದ್ರು. ಕೆಟ್ಟ ಮನುಷ್ಯ ಅಲ್ಲ ಅವ್ರು, ಹೆದರಿದಾರೆ, ಇದೊಂದು ಕಾಂಟ್ರ್ಯಾಕ್ಟ್ ಹೋದ್ರೆ ಅರ್ಧ ಜನಕ್ಕೆ ಸಂಬಳ ಇಲ್ಲ. ನಿಜವಾಗ್ಲೂ ಇದು ಹೋಗತ್ತಾ? ನಾನು ಸೈನ್ ಮಾಡಿದ್ರೆ ಏನಾಗತ್ತೆ?

ನಿಯಮ_ಓದುಗ:
ಹೋಗಲ್ಲ. ಎರಡು ಬೇರೆ ಬೇರೆ ವಿಷಯ ಒಂದೇ ಅಂದ್ಕೊಂಡಿದಾರೆ ನಿಮ್ಮ ಓನರ್, ಅವರೊಬ್ಬರೇ ಅಲ್ಲ, ತುಂಬಾ ಜನ ಹೀಗೇ ತಿಳ್ಕೊಂಡಿದಾರೆ. ಏಪ್ರಿಲ್ 15, 2025ಕ್ಕೆ ಬಂದ ಎಕ್ಸಿಕ್ಯೂಟಿವ್ ಆರ್ಡರ್ 14275 ಏನ್ ಹೇಳತ್ತೆ ಅಂದ್ರೆ 2,000 ಪುಟ ದಾಟಿರೋ ಎಫ್‌ಎಆರ್‌ನಲ್ಲಿ ಕಾಯ್ದೆ ಪ್ರಕಾರ ಇರಲೇಬೇಕಾದ್ದು ಮತ್ತೆ ಖರೀದಿಗೆ ನಿಜವಾಗ್ಲೂ ಬೇಕಾಗಿರೋದು ಮಾತ್ರ ಉಳಿಸಿ ಅಂತ. ಅದರ ಮೇಲೆ ಒಂದೊಂದೇ ಭಾಗಕ್ಕೆ ಮಾದರಿ ಪಠ್ಯ ಬಂತು, ಪೂರ್ತಿ ರೂಲ್‌ಮೇಕಿಂಗ್ ಮುಗಿಯೋಕೆ ಮುಂಚೇನೇ ಏಜೆನ್ಸಿಗಳು ಅದನ್ನ ಕ್ಲಾಸ್ ಡೀವಿಯೇಷನ್ (ಎಷ್ಟೋ ಕಾಂಟ್ರ್ಯಾಕ್ಟ್‌ಗಳಿಗೆ ಒಟ್ಟಿಗೆ ಹಳೇ ನಿಯಮ ಬಿಟ್ಟು ನಡೆಯೋ ಅನುಮತಿ) ಅಂತ ಜಾರಿಗೆ ತಂದ್ರು. ಅದಕ್ಕೇ ಈಗ ಸಾಲಿಸಿಟೇಷನ್ (ಟೆಂಡರ್ ಕರೆ) ಓದೋವಾಗ ಯಾವ ಷರತ್ತಿನ ಯಾವ ಆವೃತ್ತಿ ಹಾಕಿದಾರೆ ಅಂತ ನೋಡ್ಲೇಬೇಕು, ನಿಮ್ಮ ಸಹಿ ಆಗಿರೋ ಕಾಂಟ್ರ್ಯಾಕ್ಟ್‌ನಲ್ಲಿ ಇರೋ ಷರತ್ತುಗಳು ಮಾಡಿಫಿಕೇಷನ್ ಬರೋ ತನಕ ಹಾಗೇ ಇರತ್ತೆ.

ಸಿಎಂಎಂಸಿ ಬೇರೆ ದಾರಿ. ಅದಕ್ಕೆ ಬೇರು 2020ನೇ ಹಣಕಾಸು ವರ್ಷದ ಎನ್‌ಡಿಎಎ (ವಾರ್ಷಿಕ ರಕ್ಷಣಾ ಕಾಯ್ದೆ) ಸೆಕ್ಷನ್ 1648ರಲ್ಲಿದೆ. ಪ್ರೋಗ್ರಾಂ ರೂಲ್ ಡಿಸೆಂಬರ್ 16, 2024ಕ್ಕೆ ಜಾರಿ ಆಯ್ತು, ಕಾಂಟ್ರ್ಯಾಕ್ಟ್‌ಗೆ ತರೋ ಡಿಎಫ್‌ಎಆರ್‌ಎಸ್ (ಡಿಫೆನ್ಸ್‌ನ ಖರೀದಿ ನಿಯಮ) ರೂಲ್ ನವೆಂಬರ್ 10, 2025ಕ್ಕೆ. ಅಂದ್ರೆ ನಿಯಮ ಕಡಿಮೆ ಮಾಡ್ತೀವಿ ಅನ್ನೋ ಆರ್ಡರ್ ಬಂದು ಏಳು ತಿಂಗಳಾದ್ಮೇಲೆ, ಅದೇ ಸರ್ಕಾರದ ಕೈಯಲ್ಲೇ ಇದು ಜಾರಿ ಆಗಿರೋದು. ಮೊದಲನೇ ಹಂತದಲ್ಲಿ ಹೆಚ್ಚಾಗಿ ಸೆಲ್ಫ್ ಅಸೆಸ್‌ಮೆಂಟ್, ನವೆಂಬರ್ 10, 2026ರಿಂದ ಎರಡನೇ ಹಂತ, ಆಗ ಲೆವೆಲ್ 2ಕ್ಕೆ ಹೊರಗಿನ ಸಿ3ಪಿಎಒ (ಮಾನ್ಯತೆ ಇರೋ ಪರಿಶೀಲನಾ ಸಂಸ್ಥೆ) ಬಂದು ನೋಡೋದು ಶುರು. ಹಳೇ ಕಾಂಟ್ರ್ಯಾಕ್ಟ್ ಆದ್ರೂ ಆಪ್ಷನ್ ಕೊಡೋಕೆ ಇದನ್ನ ಷರತ್ತು ಮಾಡೋ ಅವಕಾಶ ಡಿಪಾರ್ಟ್‌ಮೆಂಟ್‌ಗೆ ಇದೆ, ಹಂಗಾಗಿ ಪ್ರೈಮ್ ಕೇಳಿರೋದು ಸುಮ್ನೆ ಅಲ್ಲ.

ಇನ್ನೊಂದು, ಅಫರ್ಮಿಂಗ್ ಅಫಿಷಿಯಲ್ ಅಂದ್ರೆ ಕಂಪನೀಲಿ ಹಿರಿಯ ಸ್ಥಾನದಲ್ಲಿದ್ದು ಅದಕ್ಕೆ ಜವಾಬ್ದಾರಿ ಮತ್ತೆ ಅಧಿಕಾರ ಎರಡೂ ಇರೋರು. 14 ಜನರ ಕಂಪನೀಲಿ ಅದು ಓನರ್ ಕೆಲಸ, ನಿಮ್ದಲ್ಲ.

ಕಾವಲು_ಕಣ್ಣು:
ಸೈನ್ ಮಾಡಬೇಡಿ. ನಾನು ಇದೇ ಕೆಲಸ ಮಾಡೋನು, ಕೈ ಮುಗಿದು ಹೇಳ್ತಿದೀನಿ.

ಮೊದಲು ಲೆಕ್ಕ ಹೇಳ್ತೀನಿ. ಸಿಯುಐ ಕಾಪಾಡೋಕೆ ಇರೋ ಮಾನದಂಡ ಎನ್‌ಐಎಸ್‌ಟಿ 800-171ರಲ್ಲಿ 110 ಅಂಶ, ಆದ್ರೆ ಒಂದೊಂದಕ್ಕೆ ಒಂದೇ ಅಂಕ ಅಲ್ಲ, ಇಲ್ಲದೇ ಇರೋದಕ್ಕೆ 1, 3 ಅಥವಾ 5 ಕಳೀತಾರೆ, ಹಂಗಾಗಿ ಕೆಳಗೆ ಮೈನಸ್ 203ರ ತನಕ ಹೋಗಬಹುದು. ಎಂಎಫ್‌ಎ ರಿಮೋಟ್ ಮತ್ತೆ ಅಡ್ಮಿನ್‌ಗಳಿಗೆ ಇದ್ದು ಉಳಿದೋರಿಗೆ ಇಲ್ಲ ಅಂದ್ರೆ 3, ಅದೂ ಇಲ್ಲ ಅಂದ್ರೆ 5. ಇನ್ಸಿಡೆಂಟ್ ರೆಸ್ಪಾನ್ಸ್ ಇಲ್ಲ ಅಂದ್ರೆ 5. 88 ಬಂದ್ರೆ ಕಂಡೀಷನಲ್ (ತಾತ್ಕಾಲಿಕ) ಸ್ಟೇಟಸ್ ಸಿಗತ್ತೆ, ಬಾಕಿ ಇರೋದನ್ನ ಸರಿಪಡಿಸೋ ಯೋಜನೆ ಪಟ್ಟಿ, ಅಂದ್ರೆ ಪಿಒಎ&ಎಂನಲ್ಲಿ ಹಾಕಿ 180 ದಿನದಲ್ಲಿ ಮುಗಿಸಬೇಕು, ಆದ್ರೆ 1 ಅಂಕಕ್ಕಿಂತ ಹೆಚ್ಚಿನದನ್ನ ಸಾಮಾನ್ಯವಾಗಿ ಅಲ್ಲಿ ಹಾಕೋ ಹಾಗಿಲ್ಲ. ನೀವು ಬರೆದಿರೋದು ನೋಡಿದ್ರೆ 88 ಹತ್ರಾನೂ ಇಲ್ಲ. ಎಸ್‌ಎಸ್‌ಪಿ (ನಿಮ್ಮ ಸಿಸ್ಟಂ ಭದ್ರತೆ ಹೇಗಿದೆ ಅಂತ ಬರೆದಿಡೋ ಯೋಜನೆ) ಅಂತ ಡಾಕ್ಯುಮೆಂಟ್ ಇದ್ಯಾ ನೋಡಿ, ಅದಿಲ್ಲ ಅಂದ್ರೆ ಸ್ಕೋರ್ ಅನ್ನೋದೇ ಇಲ್ಲ.

ಈಗ ಯಾಕೆ ಬೇಡ ಅಂದೆ. ಮಾರ್ಚ್ 2025ರಲ್ಲಿ ಮೋರ್ಸ್‌ಕಾರ್ಪ್ ಅನ್ನೋ ಮ್ಯಾಸಚೂಸೆಟ್ಸ್ ಕಂಪನಿ 46 ಲಕ್ಷ ಡಾಲರ್ ಕೊಟ್ಟು ಸೆಟ್ಲ್ ಮಾಡ್ಕೊಂಡಿತು. ಜನವರಿ 2021ರಲ್ಲಿ ಎಸ್‌ಪಿಆರ್‌ಎಸ್‌ಗೆ 104 ಅಂತ ಹಾಕಿದ್ರು, ಜುಲೈ 2022ರಲ್ಲಿ ಅವರೇ ಕರೆಸಿದ ಕನ್ಸಲ್ಟೆಂಟ್ ಲೆಕ್ಕ ಹಾಕಿದಾಗ ಮೈನಸ್ 142 ಬಂತು. ಅದು ಗೊತ್ತಾದ್ಮೇಲೂ ತಿದ್ದಿಲ್ಲ, ಸರ್ಕಾರದಿಂದ ಸಬ್‌ಪೀನಾ (ದಾಖಲೆ ಕೇಳೋ ಕಾನೂನು ಆದೇಶ) ಬಂದು ತಿಂಗಳುಗಳಾದ್ಮೇಲೆ ಜೂನ್ 2023ರಲ್ಲಿ ತಿದ್ದಿದ್ರು. ಅಂದ್ರೆ ಮೊದಲನೇ ತಪ್ಪು ಒಂದು ಕಡೆ, ಗೊತ್ತಾದ ದಿನದಿಂದ ಸುಮ್ನೆ ಇದ್ದ ಆ ಹನ್ನೊಂದು ತಿಂಗಳು ಇನ್ನೊಂದು ಕಡೆ. ನೀವು ಈಗ ಸರಿಯಾಗಿ ಆ ಎರಡನೇ ಜಾಗದಲ್ಲಿ ನಿಂತಿದೀರಾ, ನಿಮಗೆ ಗೊತ್ತಾಗಿದೆ.

ಪೊಟೊಮ್ಯಾಕ್_ದಂಡೆ:
ಮೇಲಿನವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸ್ತೀನಿ. ಇದೆಲ್ಲ ಫಾಲ್ಸ್ ಕ್ಲೈಮ್ಸ್ ಆಕ್ಟ್ ಕೆಳಗೆ ಬರತ್ತೆ, 1863ರ ಕಾಯ್ದೆ, ಸಿವಿಲ್ ವಾರ್ ಕಾಲದಲ್ಲಿ ಸೈನ್ಯಕ್ಕೆ ಕಳಪೆ ಮಾಲು ಕೊಟ್ಟೋರನ್ನ ಹಿಡಿಯೋಕೆ ಮಾಡಿದ್ದು. ನಷ್ಟದ ಮೂರು ಪಟ್ಟು, ಅದರ ಮೇಲೆ ಒಂದೊಂದು ಕ್ಲೈಮ್‌ಗೂ ಬೇರೆ ದಂಡ. 'ಗೊತ್ತಿದ್ದೂ' ಅನ್ನೋ ಪದದ ಒಳಗೆ ಬೇಕಂತಲೇ ಕಣ್ಮುಚ್ಚಿಕೊಂಡಿದ್ದೂ, ನಿಜಾನೋ ಸುಳ್ಳೋ ಅಂತ ಲೆಕ್ಕಿಸದೇ ಸಹಿ ಹಾಕಿದ್ದೂ ಸೇರತ್ತೆ. ಒಳಗಿನವರೇ ಸರ್ಕಾರದ ಪರವಾಗಿ ಕೇಸ್ ಹಾಕಬಹುದು, ಗೆದ್ರೆ 15ರಿಂದ 30 ಪರ್ಸೆಂಟ್ ಅವರಿಗೆ. ಈ ಕ್ವಿ ಟ್ಯಾಮ್ ಪದ್ಧತಿನೇ ಸಂವಿಧಾನಕ್ಕೆ ವಿರುದ್ಧ ಅಂತ ಸೆಪ್ಟೆಂಬರ್ 2024ರಲ್ಲಿ ಫ್ಲೋರಿಡಾದ ಒಬ್ಬ ಫೆಡರಲ್ ಜಡ್ಜ್ ಝಫಿರೋವ್ ಕೇಸಲ್ಲಿ ಹೇಳಿದ್ರು, ಅದು ಅಪೀಲ್‌ಗೆ ಹೋಯ್ತು, ಆದ್ರೆ ಅದನ್ನ ನಂಬ್ಕೊಂಡು ಯಾರೂ ಕೂರಬೇಡಿ, ಸರ್ಕಾರ ತಾನೇ ಕೇಸ್ ಹಾಕೋದಕ್ಕೆ ಅದು ಅಡ್ಡಿ ಅಲ್ಲ.

ನಾನು ಗಮನಿಸಿರೋದು ಏನಂದ್ರೆ ಪುಟಗಳು ಕಮ್ಮಿ ಆಗ್ತಿವೆ, ಸಹಿಗಳ ತೂಕ ಜಾಸ್ತಿ ಆಗ್ತಿದೆ. ಜನವರಿ 21, 2025ರ ಆರ್ಡರ್ 14173 ನೋಡಿ, ಕಾಂಟ್ರ್ಯಾಕ್ಟರ್‌ಗಳು ನೇಮಕದಲ್ಲಿ ಸಮಾನ ಅವಕಾಶ ಕೊಡಬೇಕು ಅಂತಿದ್ದ 1965ರ ಆರ್ಡರ್ 11246 ಅನ್ನ ತೆಗೆದುಹಾಕ್ತು, ಅಫರ್ಮೇಟಿವ್ ಆಕ್ಷನ್ ಪ್ಲಾನ್ ಬರೆಯೋ ಕೆಲಸ ಹೋಯ್ತು, ಆದ್ರೆ ಅದರ ಜಾಗದಲ್ಲಿ ಕಾನೂನುಬಾಹಿರ ಡಿಇಐ (ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆ) ಕಾರ್ಯಕ್ರಮ ನಡೆಸ್ತಿಲ್ಲ ಅಂತ ಸರ್ಟಿಫಿಕೇಷನ್ ಕೇಳತ್ತೆ, ಅದೂ ಇದೇ ಫಾಲ್ಸ್ ಕ್ಲೈಮ್ಸ್ ಆಕ್ಟ್‌ಗೆ ಕಟ್ಟಿ. ನಾಳೆ ಅದನ್ನೂ ನಿಮ್ಮ ಮುಂದೆ ಇಡ್ತಾರೆ, ಓದಿ.

ಕೆಲಸದ ಭಯಕ್ಕೆ: ಸುಳ್ಳು ಕ್ಲೈಮ್ ತಡೆಯೋಕೆ ಹೋದ ಉದ್ಯೋಗಿಯನ್ನ ತೆಗೆದ್ರೆ ಅದೇ ಕಾಯ್ದೆ ಪ್ರಕಾರ ವಾಪಸ್ ಕೆಲಸ, ಕಳ್ಕೊಂಡ ಸಂಬಳದ ಎರಡು ಪಟ್ಟು ಕೇಳಬಹುದು. ಓನರ್‌ಗೆ ಈಮೇಲ್‌ನಲ್ಲಿ ಹೇಳಿ, ಬಾಯಲ್ಲಿ ಅಲ್ಲ.

ಅಲೆಮಾರಿ_22:
ತುಂಬಾ ಥ್ಯಾಂಕ್ಸ್, ರಾತ್ರಿ ನಿದ್ದೆ ಇಲ್ಲದೇ ಓದಿದೀನಿ ಇದನ್ನೆಲ್ಲ. ಒಂದು ಪ್ರಶ್ನೆ, ನಿಜ ಹೇಳಿದ್ಮೇಲೆ ಪ್ರೈಮ್ ನಮ್ಮನ್ನ ಬಿಟ್ರೆ ಎಲ್ಲಾದ್ರೂ ಪ್ರೊಟೆಸ್ಟ್ (ಕಾಂಟ್ರ್ಯಾಕ್ಟ್ ಹಂಚಿಕೆ ವಿರುದ್ಧ ತಕರಾರು) ಹಾಕಬಹುದಾ?

ನಿಯಮ_ಓದುಗ:
ಇಲ್ಲ. ಆಗಸ್ಟ್ 2025ರಲ್ಲಿ ಫೆಡರಲ್ ಸರ್ಕ್ಯೂಟ್ ಅಪೀಲ್ ಕೋರ್ಟ್‌ನ ಪೂರ್ಣ ಪೀಠ ಪರ್ಸಿಪಿಯೆಂಟ್ ಕೇಸಲ್ಲಿ ಇದ್ದ ಆಸೇನೂ ಮುಚ್ಚಿತು, ಬಿಡ್ ಹಾಕಿರೋರು ಅಥವಾ ಹಾಕೋಕೆ ಹೊರಟಿರೋರು ಮಾತ್ರ 'ಇಂಟರೆಸ್ಟೆಡ್ ಪಾರ್ಟಿ', ಸಬ್ ಆಗೋಕೆ ಆಸೆ ಪಟ್ಟೋರು ಅಲ್ಲ ಅಂತ. ಮತ್ತೆ ನಿಮ್ಮದು ಪ್ರೈಮ್ ಜೊತೆಗಿನ ಖಾಸಗಿ ಒಪ್ಪಂದ, ಅದರಲ್ಲಿ ಏನ್ ಬರ್ದಿದೆಯೋ ಅದೇ ದಾರಿ.

ಕಾವಲು_ಕಣ್ಣು:
ಜಗಳಕ್ಕೆ ಮುಂಚೆ ಒಂದು ಕೇಳಿ ನೋಡಿ. ಸಿಯುಐ ನಿಮ್ಮ ಲ್ಯಾಪ್‌ಟಾಪ್‌ಗೆ ಬರ್ಲೇಬೇಕಾ? ಪ್ರೈಮ್‌ನ ವರ್ಚುವಲ್ ಡೆಸ್ಕ್‌ಟಾಪ್‌ನಲ್ಲೇ ಕೆಲಸ ಮಾಡಿ, ನಿಮ್ಮ ಕಡೆ ಬರೀ ಕೀಬೋರ್ಡ್, ಮೌಸ್, ಸ್ಕ್ರೀನ್ ಅಷ್ಟೇ ದಾಟೋ ಹಾಗೆ ಸೆಟ್ ಮಾಡಿದ್ರೆ ಆ ಲ್ಯಾಪ್‌ಟಾಪ್ ಅಸೆಸ್‌ಮೆಂಟ್ ಸ್ಕೋಪ್‌ನಿಂದ ಆಚೆ, ಸಿಎಂಎಂಸಿ ನಿಯಮ 32 ಸಿಎಫ್‌ಆರ್ 170ರಲ್ಲೇ ಇದೆ. ಕಾಪಿ, ಪ್ರಿಂಟ್, ಫೈಲ್ ಸೇವ್ ಏನೂ ಆಗಬಾರದು. ಸಣ್ಣ ಕಂಪನಿಗಳಿಗೆ ಎಷ್ಟೋ ಸಲ ಇದೇ ಉಳಿಸಿರೋದು. ಈಗಾಗ್ಲೇ ಬಂದಿರೋ ಫೈಲ್‌ಗಳ ಬಗ್ಗೆ ಮಾತ್ರ ಪ್ರೈಮ್ ಜೊತೆ ಲಿಖಿತವಾಗಿ ಮಾತಾಡ್ಕೊಳಿ.

ಅಲೆಮಾರಿ_22:
ಎರಡು ವಾರ ಆದ್ಮೇಲೆ ಬರೀತಿದೀನಿ. ಮೋರ್ಸ್‌ಕಾರ್ಪ್ ವಿಷಯ ಪ್ರಿಂಟ್ ತೆಗೆದು ಓನರ್ ಮುಂದೆ ಇಟ್ಟೆ, ಅವರು ಸುಮಾರು ಹೊತ್ತು ಮಾತಾಡಲಿಲ್ಲ, ಆಮೇಲೆ ವಕೀಲರಿಗೆ ಫೋನ್ ಮಾಡಿದ್ರು. ಸರಿಯಾಗಿ ಲೆಕ್ಕ ಹಾಕಿದ್ರೆ 37 ಬಂತು. ಎಸ್‌ಪಿಆರ್‌ಎಸ್‌ನಲ್ಲಿ 98 ತೆಗೆದು 37 ಹಾಕಿದೀವಿ, ಓನರ್ ಪಕ್ಕದಲ್ಲೇ ಕೂತಿದ್ರು. ಪ್ರೈಮ್‌ಗೆ ವಕೀಲರ ಮೂಲಕ ಪತ್ರ ಹೋಯ್ತು. ಅವರು ಖುಷಿ ಪಡಲಿಲ್ಲ, ಆದ್ರೆ ವರ್ಚುವಲ್ ಡೆಸ್ಕ್‌ಟಾಪ್‌ಗೆ ಸದ್ಯ ಆರು ಜನಕ್ಕೆ ಅಕೌಂಟ್ ಕೊಡ್ತೀವಿ ಅಂದಿದಾರೆ. ಉಳಿದವರ ಕೆಲಸದ ಬಗ್ಗೆ ಇನ್ನೂ ಉತ್ತರ ಬಂದಿಲ್ಲ, ಸೋಮವಾರ ಮೀಟಿಂಗ್ ಇದೆ.